ನೆಟ್ ಯಾರ ಕಿಸೆಯಲ್ಲಿದೆ?

ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ ಭತ್ತದ ಸುಗ್ಗಿ ಜೋರಾಗಿರುವ ದಿನಗಳಲ್ಲಿ ಯಾವುದಾದರೂ ರೈಸ್ ಮಿಲ್ಲಿನ ಆಫೀಸು ಕೋಣೆ ಹೊಕ್ಕು ನೋಡಿ. ಹೊರಗೆ ಅಕ್ಕಿ ಚೀಲ ಹೇರಿಕೊಂಡ ಲಾರಿ ಎಂಜಿನ್ ಆರಿಸದೆ ನಿಂತಿದೆ. ಒಳಗೆ ಗುಮಾಸ್ತ ಲ್ಯಾಪ್‌ಟಾಪ್ ಮುಂದೆ ಕುಳಿತು ಇ-ವೇ ಬಿಲ್ ತೆಗೆಯುತ್ತಿದ್ದಾನೆ. ನೆಟ್ ಬರುತ್ತಿರುವುದು ಕಿಟಕಿಯ ಸರಳಿಗೆ ಆನಿಸಿಟ್ಟ ಫೋನಿನಿಂದ. ಆ ಫೋನು ಸೂಪರ್‌ವೈಸರನದು. ಲಾರಿ ನಂಬರ್ ಹೊಡೆದಾಗಿದೆ, ಇನ್ನೇನು ಕೊನೆಯ ಗುಂಡಿ ಒತ್ತಬೇಕು, ಅಷ್ಟರಲ್ಲಿ ಫೋನಿಗೆ ಕರೆ. ಸೂಪರ್‌ವೈಸರ್ ಅದನ್ನೆತ್ತಿ ಕಿವಿಗಿಟ್ಟು, ಮಾತಾಡುತ್ತಾ ಗೋದಾಮಿನ ಕಡೆ ನಡೆದೇಬಿಡುತ್ತಾನೆ. ಪರದೆಯ ಮೇಲೆ ಚಕ್ರ ತಿರುಗತೊಡಗುತ್ತದೆ. 'ಯಣ್ಣಾ, ನೆಟ್ ಇಟ್ಟು ಹೋಗ್ರಿ!' ಎಂದು ಗುಮಾಸ್ತ ಕೂಗುವ ಹೊತ್ತಿಗೆ ನೆಟ್ಟು ಗೋದಾಮು ದಾಟಿರುತ್ತದೆ.

50 ಸಾವಿರ ರೂಪಾಯಿ ಮೀರಿದ ಸರಕು ಸಾಗಿಸಲು ಇ-ವೇ ಬಿಲ್ ಬೇಕೆಂಬ ನಿಯಮ ಬಂದದ್ದು 2018ರ ಏಪ್ರಿಲ್‌ನಲ್ಲಿ. ರಾಜ್ಯದೊಳಗಿನ ಸಾಗಣೆಗೂ ಅದನ್ನು ಮೊದಲು ಜಾರಿಗೆ ತಂದದ್ದು ಕರ್ನಾಟಕವೇ. ಅಂದಿನಿಂದ ನೆಟ್ ಇಲ್ಲದೆ ಲಾರಿ ಗೇಟು ದಾಟುವಂತಿಲ್ಲ. ಲಾರಿ ಮಾತ್ರವೇ? ಪಹಣಿ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ, ಕಾಲೇಜಿನ ಅಸೈನ್‌ಮೆಂಟ್ ಎಲ್ಲವೂ ಅದೇ ದಾರಿಯಲ್ಲೇ ಹೋಗಬೇಕು.

ಈಗ ಸುತ್ತ ಒಮ್ಮೆ ಕಣ್ಣಾಡಿಸಿ. ಪಡಿತರ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿಸಿಕೊಳ್ಳುವ ಯಂತ್ರಕ್ಕೆ ಸಿಮ್ ಇದೆ. ಬಟ್ಟೆ ಅಂಗಡಿಯ ಕಾರ್ಡ್ ಉಜ್ಜುವ ಯಂತ್ರಕ್ಕೆ ಇದೆ. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ 'ಹತ್ತು ರೂಪಾಯಿ ಬಂದಿದೆ' ಎಂದು ಕೂಗುವ ಪುಟ್ಟ ಡಬ್ಬಿಯ ಹೊಟ್ಟೆಯಲ್ಲೂ ಒಂದು ಸಿಮ್ ಕುಳಿತಿದೆ. ನಲವತ್ತು–ಐವತ್ತು ಸಾವಿರ ಕೊಟ್ಟು ತಂದ ಲ್ಯಾಪ್‌ಟಾಪಿಗೆ ಮಾತ್ರ ಇಲ್ಲ. ಅದು ಯಾರದೋ ಕಿಸೆಯ ಫೋನಿನ ದಯೆಗೆ ಕಾಯಬೇಕು. ಯಾಕೆ ಹೀಗೆ? ಹೀಗೇ ಇರಬೇಕೆ?

ಒಳಗೆ ಏನು ಬೇಕು

ಲ್ಯಾಪ್‌ಟಾಪ್ ತಾನಾಗಿಯೇ ಮೊಬೈಲ್ ಟವರ್ ಜೊತೆ ಮಾತಾಡಬೇಕಾದರೆ ಮೂರು ಸಾಮಾನು ಸಾಕು: ಒಂದು ಮೋಡೆಮ್, ಆಂಟೆನಾ ತಂತಿಗಳು, ಒಂದು ಸಿಮ್ ಕಿಂಡಿ. ಮೋಡೆಮ್ ಎಂದರೆ ಬೆರಳುದ್ದದ ಹಸಿರು ಹಲಗೆ. ಲ್ಯಾಪ್‌ಟಾಪಿನ ತಳದಲ್ಲಿ ಅದಕ್ಕೆಂದೇ ಇರುವ ಸೀಳಿನಲ್ಲಿ ಕೂರುತ್ತದೆ. ಅದರಿಂದ ಹೊರಟ ತೆಳುವಾದ ತಂತಿಗಳು ಕೀಲು ದಾಟಿ ಪರದೆಯ ಅಂಚಿಗೆ ಏರುತ್ತವೆ. ಸಿಮ್ ಬದಲು ಇ-ಸಿಮ್ ಆದರೆ ಕಿಂಡಿಯೂ ಬೇಡ. ಇಷ್ಟು ಕೂಡಿದೊಡನೆ ಆ ಲ್ಯಾಪ್‌ಟಾಪಿಗೆ ಫೋನಿಗಿರುವಂತೆಯೇ 15 ಅಂಕಿಗಳ ಐಎಂಇಐ ಸಂಖ್ಯೆಯೂ ಬರುತ್ತದೆ.

ಪರದೆಯ ಅಂಚು ದೊಡ್ಡದು, ಫೋನಿನ ಅಂಚು ಸಣ್ಣದು. ಹಾಗಾಗಿ ಆಂಟೆನಾಗಳನ್ನು ಒಂದರಿಂದೊಂದು ದೂರ ಇಡಲು ಲ್ಯಾಪ್‌ಟಾಪಿನಲ್ಲಿ ಜಾಗ ಹೆಚ್ಚು. ಫೋನಿನಲ್ಲಿ ಸಿಗ್ನಲ್ ಒಂದು ಕಡ್ಡಿಗಿಳಿಯುವ ಕೋಣೆಯಲ್ಲಿ ಒಳ್ಳೆಯ ಮೋಡೆಮ್ ಇರುವ ಲ್ಯಾಪ್‌ಟಾಪ್ ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಳ್ಳಬಲ್ಲದು.

ಡಾಂಗಲ್ ಕಾಲ

ಇದೇನೂ ಹೊಸ ಕಲ್ಪನೆಯಲ್ಲ. 2005–06ರ ಹೊತ್ತಿಗೇ ಸೋನಿ, ಲೆನೊವೊದಂಥ ಕಂಪನಿಗಳು ಅಮೆರಿಕದಲ್ಲಿ ಮೋಡೆಮ್ ಒಳಗೊಂಡ ಲ್ಯಾಪ್‌ಟಾಪ್ ಮಾರಿದ್ದವು. ನಮ್ಮಲ್ಲಿ ಅದೇ ಕೆಲಸವನ್ನು ಹೊರಗಿನಿಂದ ಚುಚ್ಚುವ ಡಾಂಗಲ್ ಮಾಡಿತು. ಟಾಟಾ ಫೋಟಾನ್, ರಿಲಯನ್ಸ್ ನೆಟ್‌ಕನೆಕ್ಟ್, ಎಂಟಿಎಸ್ ಎಂಬ್ಲೇಜ್, ಬಿಎಸ್‌ಎನ್‌ಎಲ್ ಡೇಟಾ ಕಾರ್ಡು: 2010ರ ಆಸುಪಾಸಿನಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಈ ಹೆಸರುಗಳು ಮರೆತಿರಲಾರವು. ಯುಎಸ್‌ಬಿ ಕಿಂಡಿಯಿಂದ ಹೊರಚಾಚಿಕೊಂಡ ಆ ಕಡ್ಡಿಗೆ ಮೊಣಕೈ ತಗುಲಿದರೆ ಡೌನ್‌ಲೋಡ್ ಮೊದಲಿನಿಂದ ಶುರು.

2017ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಮತ್ತು ಕ್ವಾಲ್ಕಾಮ್ ಸೇರಿ 'ಸದಾ ಸಂಪರ್ಕದಲ್ಲಿರುವ' ಕಂಪ್ಯೂಟರ್‌ಗಳನ್ನು ಘೋಷಿಸಿದವು. ಫೋನಿನ ಚಿಪ್ಪನ್ನೇ ಲ್ಯಾಪ್‌ಟಾಪಿಗೆ ಹಾಕಿದ ಎಚ್‌ಪಿ, ಏಸುಸ್ ಯಂತ್ರಗಳು ಬಂದವು. ಆರಂಭದಲ್ಲಿ ಅವು ನಿಧಾನ, ಬೆಲೆ ಮಾತ್ರ ದುಬಾರಿ. ಜನ ಒಮ್ಮೆ ನೋಡಿ ಮುಂದೆ ನಡೆದರು.

ಆ್ಯಪಲ್ ಕಥೆ ಇನ್ನೂ ಸ್ವಾರಸ್ಯದ್ದು. 2010ರ ಮೊದಲ ಐಪ್ಯಾಡ್‌ನಲ್ಲೇ 3ಜಿ ಸಿಮ್‌ಗೆ ಜಾಗವಿತ್ತು. ಮ್ಯಾಕ್‌ಬುಕ್‌ನಲ್ಲಿ ಇವತ್ತಿಗೂ ಇಲ್ಲ. ಕಂಪನಿ ಯೋಚಿಸಿಯೇ ಇರಲಿಲ್ಲ ಎನ್ನುವಂತಿಲ್ಲ. ಸಿಮ್ ಕಿಂಡಿ, ಪರದೆಯ ಬದಿಗೆ ಹೊರಗೆಳೆಯುವ ಆಂಟೆನಾ ಇದ್ದ 2007ರ ಪ್ರಯೋಗದ ಮ್ಯಾಕ್‌ಬುಕ್ ಪ್ರೊ ಒಂದು 2011ರಲ್ಲಿ ಹರಾಜಿನ ಜಾಲತಾಣದಲ್ಲಿ ಕಾಣಿಸಿಕೊಂಡಿತ್ತು.

ಹಾಟ್‌ಸ್ಪಾಟ್ ಗೆದ್ದದ್ದು ಹೇಗೆ

ತಂತ್ರಜ್ಞಾನ ಸಿದ್ಧವಿದ್ದೂ ಲ್ಯಾಪ್‌ಟಾಪಿಗೆ ಸಿಮ್ ಬರದಿರಲು ಮೊದಲ ಕಾರಣ ದುಡ್ಡು. ಐಪ್ಯಾಡನ್ನೇ ನೋಡಿ. 2025ರ ಸಾಮಾನ್ಯ ಐಪ್ಯಾಡ್ ವೈಫೈ ಮಾತ್ರ ಇರುವುದಾದರೆ 34,900 ರೂಪಾಯಿ. ಸಿಮ್ ಸೌಲಭ್ಯವಿದ್ದರೆ 49,900. ಪರದೆ ಅದೇ, ಚಿಪ್ಪು ಅದೇ, ಅಂತರ 15,000. ಮೋಡೆಮ್ ತಯಾರಿಕೆಗೆ ಅಷ್ಟು ಖರ್ಚಾಗುತ್ತದೆ ಎಂದು ನಂಬುವವರು ಕಡಿಮೆ. ಕೊಳ್ಳುವವರು ಇದ್ದಾರೆ, ಹಾಗಾಗಿ ಆ ಬೆಲೆ ಇದೆ.

ಜೊತೆಗೆ ಪೇಟೆಂಟ್ ಲೆಕ್ಕ. ಮೊಬೈಲ್ ತಂತ್ರಜ್ಞಾನದ ಮುಖ್ಯ ಹಕ್ಕುಗಳನ್ನು ಹೊಂದಿರುವ ಕ್ವಾಲ್ಕಾಮ್, ಫೋನುಗಳ ವಿಷಯದಲ್ಲಿ ಚಿಪ್ಪಿನ ಬೆಲೆಯ ಮೇಲಲ್ಲ, ಇಡೀ ಫೋನಿನ ಬೆಲೆಯ ಮೇಲೆ ಶೇಕಡಾವಾರು ರಾಯಧನ ಕೇಳುತ್ತಾ ಬಂದಿದೆ. 400 ಡಾಲರ್ ಮೀರಿದ ಬೆಲೆಗೆ ಅದು ಅನ್ವಯಿಸದು ಎಂಬ ಮಿತಿಯನ್ನು ಆಮೇಲೆ ಹಾಕಿಕೊಂಡಿತು. ಈ ಪದ್ಧತಿ ಸರಿಯೇ ಎಂಬ ಪ್ರಶ್ನೆ ಅಮೆರಿಕದ ನ್ಯಾಯಾಲಯಕ್ಕೂ ಹೋಯಿತು. 2019ರಲ್ಲಿ ಕಂಪನಿ ಸೋತಿತು, 2020ರ ಮೇಲ್ಮನವಿಯಲ್ಲಿ ಗೆದ್ದಿತು. ಸಿಮ್ ಇಲ್ಲದ ಲ್ಯಾಪ್‌ಟಾಪ್ ತಯಾರಕರಿಗೆ ಈ ತಲೆನೋವೇ ಇಲ್ಲ.

ಎರಡನೆಯ ಕಾರಣ ನಮ್ಮ ದೇಶಕ್ಕೇ ವಿಶೇಷವಾದದ್ದು. ಅಮೆರಿಕದಲ್ಲಿ ಐಫೋನಿನ ನೆಟ್ಟನ್ನು ಲ್ಯಾಪ್‌ಟಾಪಿಗೆ ಹಂಚಲು 2010ರಲ್ಲಿ ಎಟಿ ಅಂಡ್ ಟಿ ಕಂಪನಿ ತಿಂಗಳಿಗೆ 20 ಡಾಲರ್ ಹೆಚ್ಚುವರಿಯಾಗಿ ವಸೂಲಿ ಮಾಡುತ್ತಿತ್ತು. ನಮ್ಮಲ್ಲಿ ಹಾಟ್‌ಸ್ಪಾಟ್‌ಗೆ ಪ್ರತ್ಯೇಕ ಶುಲ್ಕದ ಮಾತೇ ಇಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ಬೆಲೆ ನೆಲಕ್ಕಿಳಿಯಿತು. ದಿನಕ್ಕೆ ಒಂದೋ ಒಂದೂವರೆಯೋ ಜಿಬಿ ಪ್ರತಿ ಫೋನಿಗೂ ಸಿಕ್ಕಿತು. ಕೈಯಲ್ಲಿ ಫೋನಿದೆ, ಫೋನಿನಲ್ಲಿ ಡೇಟಾ ಇದೆ, ಮತ್ತೊಂದು ಸಿಮ್‌ಗೆ ಮತ್ತೊಂದು ರೀಚಾರ್ಜ್ ಯಾರು ಮಾಡುತ್ತಾರೆ? 2024ರ ಜುಲೈ ದರ ಏರಿಕೆಯ ನಂತರ ಜಿಯೋದಲ್ಲಿ 28 ದಿನಕ್ಕೆ ದಿನವೂ ಒಂದೂವರೆ ಜಿಬಿ ಕೊಡುವ ಪ್ಯಾಕ್ 239ರಿಂದ 299 ರೂಪಾಯಿಗೆ ಏರಿತು. ಎರಡನೆಯ ಸಿಮ್ ಎಂದರೆ ಅಷ್ಟೇ ಖರ್ಚು ಮತ್ತೊಮ್ಮೆ.

ಮತ್ತೊಂದು ಮಾತು. ಸರ್ಕಾರಿ ಜಾಲತಾಣ ಯಾವುದೇ ತೆರೆಯಿರಿ, ಓಟಿಪಿ ಬರುವುದು ಫೋನಿಗೇ. ಫೋನು ಹೇಗೂ ಪಕ್ಕದಲ್ಲಿರಲೇಬೇಕು ಎಂದಾದಮೇಲೆ ಅದೇ ನೆಟ್ಟನ್ನೂ ಕೊಟ್ಟರೆ ತಪ್ಪೇನು ಎನ್ನುವ ವಾದ ಬಲವಾದದ್ದೇ.

ಆದರೆ ಹಾಟ್‌ಸ್ಪಾಟ್‌ನ ಕಿರಿಕಿರಿಗಳೂ ಕಡಿಮೆಯಿಲ್ಲ. ಎರಡು ಸಿಮ್ ಇರುವ ಬಹುಪಾಲು ಫೋನುಗಳಲ್ಲಿ ಡೇಟಾ ಇಲ್ಲದ ಸಿಮ್‌ಗೆ ಕರೆ ಬಂದರೆ ನೆಟ್ ಅಲ್ಲಿಗೇ ನಿಲ್ಲುತ್ತದೆ. ಫೋನು ಟವರ್ ಜೊತೆಗೂ ಮಾತಾಡಬೇಕು, ಲ್ಯಾಪ್‌ಟಾಪ್ ಜೊತೆಗೂ ಮಾತಾಡಬೇಕು. ಬ್ಯಾಟರಿ ಕರಗುತ್ತದೆ, ಬೇಸಿಗೆಯ ಕೊಪ್ಪಳದಲ್ಲಿ ಫೋನು ಕಾದ ಹಂಚಾಗುತ್ತದೆ. ಇನ್ನು ವಿಂಡೋಸ್ ಸಾಮಾನ್ಯವಾಗಿ ಹಾಟ್‌ಸ್ಪಾಟನ್ನು ಮನೆಯ ವೈಫೈ ಎಂದೇ ತಿಳಿದು ಧಾರಾಳವಾಗಿ ಅಪ್‌ಡೇಟ್ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಹತ್ತಕ್ಕೆಲ್ಲ 'ನಿಮ್ಮ ಇಂದಿನ ಡೇಟಾ ಮುಗಿದಿದೆ' ಎಂಬ ಸಂದೇಶ. ಲ್ಯಾಪ್‌ಟಾಪಿನೊಳಗೇ ಸಿಮ್ ಇದ್ದರೆ ಅದೇ ವಿಂಡೋಸ್ ಅದನ್ನು ಅಳತೆಯ ಡೇಟಾ ಎಂದು ಗುರುತಿಸಿ ಕೈ ಬಿಗಿ ಹಿಡಿಯುತ್ತದೆ.

ಒಂದು ಮನೆ, ಒಂದು ಫೋನು

ಇಲ್ಲಿಯವರೆಗಿನ ಲೆಕ್ಕವೆಲ್ಲ ಒಂದು ಊಹೆಯ ಮೇಲೆ ನಿಂತಿದೆ: ಲ್ಯಾಪ್‌ಟಾಪ್ ಇರುವವರ ಬಳಿ ಅವರದೇ ಸ್ವಂತ ಸ್ಮಾರ್ಟ್‌ಫೋನ್ ಇರುತ್ತದೆ. ಬೆಂಗಳೂರಿನ ಕಾಫಿ ಹೋಟೆಲಿನಲ್ಲಿ ಕುಳಿತವರಿಗೆ ಇದು ಊಹೆ ಎಂದೂ ಅನಿಸದು. ಯಲಬುರ್ಗಾದ ಹಳ್ಳಿಯೊಂದರಲ್ಲಿ ಹಾಗಲ್ಲ. ಮನೆಗೆ ಇರುವುದು ಒಂದೇ ಒಳ್ಳೆಯ ಫೋನು; ಬೆಳಿಗ್ಗೆ ಅಪ್ಪನ ಜೊತೆ ಹೊಲಕ್ಕೋ ಕೂಲಿಗೋ ಹೊರಟಿತೆಂದರೆ ಬರುವುದು ಸಂಜೆಗೆ. ತಮ್ಮ ಹೈಸ್ಕೂಲು, ಅಕ್ಕ ಪಿಯುಸಿಯಾದರೂ ಫೋನಿನ ಸರದಿ ಮೊದಲು ತಮ್ಮನಿಗೆ. ಮನೆಗೊಂದು ಲ್ಯಾಪ್‌ಟಾಪ್ ಬಂದಿದ್ದರೂ ಹಗಲು ಹೊತ್ತಿನಲ್ಲಿ ಅದಕ್ಕೆ ನೆಟ್ಟಿಲ್ಲ.

ಇದನ್ನು ರಾಜ್ಯವೇ ಒಮ್ಮೆ ಲಿಖಿತವಾಗಿ ಒಪ್ಪಿಕೊಂಡಿದೆ. ಕೋವಿಡ್‌ನಿಂದ ಶಾಲೆ ಮುಚ್ಚಿದ 2020ರ ಆಗಸ್ಟ್‌ನಲ್ಲಿ ಶಿಕ್ಷಣ ಇಲಾಖೆ 'ವಿದ್ಯಾಗಮ' ಶುರು ಮಾಡಿದಾಗ ಮಕ್ಕಳನ್ನು ವಿಂಗಡಿಸಿದ್ದು ತರಗತಿಯಿಂದಷ್ಟೇ ಅಲ್ಲ, ಮನೆಯಲ್ಲಿರುವ ಫೋನಿನಿಂದ: ನೆಟ್ ಇರುವ ಸ್ಮಾರ್ಟ್‌ಫೋನ್ ಮನೆಗಳು, ಬರೀ ಕರೆ ಮಾಡುವ ಫೋನಿನ ಮನೆಗಳು, ಏನೂ ಇಲ್ಲದ ಮನೆಗಳು. ಕೊನೆಗೆ ಮೇಷ್ಟ್ರುಗಳು ಗುಡಿಯ ಕಟ್ಟೆಗೆ, ಮರದಡಿಗೆ ಬಂದು ಪಾಠ ಮಾಡಬೇಕಾಯಿತು. ಮರುವರ್ಷ ಸರ್ಕಾರಿ ಪದವಿ, ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡಲಾಯಿತು. ಯಂತ್ರ ಕೊಡುವುದು ಒಂದು, ಆ ಯಂತ್ರ ಯಾರ ನೆಟ್ ಹಿಡಿದು ನಡೆಯಬೇಕು ಎಂದು ಕೇಳುವುದು ಇನ್ನೊಂದು. ಎರಡನೆಯ ಪ್ರಶ್ನೆಯ ಮೇಲೆ ನಡೆದ ಚರ್ಚೆ ತೀರಾ ಕಡಿಮೆ.

ಒಂದೇ ಯಂತ್ರ ಹಲವರ ನಡುವೆ ಹಂಚಿಹೋಗುವ ಬಗ್ಗೆ ಹಿಂದೆ ಒಮ್ಮೆ ಈ ನೆಲದಲ್ಲೇ ಯೋಚಿಸಿದವರಿದ್ದರು. 2001ರ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮತ್ತವರ ಸಂಗಡಿಗರು ಸಿಂಪ್ಯೂಟರ್ ರೂಪಿಸಿದರು. ಅಂಗೈಯಲ್ಲಿ ಹಿಡಿಯುವ, ಭಾರತೀಯ ಭಾಷೆಯಲ್ಲಿ ಮಾತಾಡುವ ಅಗ್ಗದ ಕಂಪ್ಯೂಟರ್. ಒಂದು ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳುತ್ತಾರೆ ಎಂದು ಮೊದಲೇ ಎಣಿಸಿ, ಪ್ರತಿಯೊಬ್ಬರ ವಿವರ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ ಇರುವಂತೆ ಮಾಡಿದ್ದರು. ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ' ಸಿಂಪ್ಯೂಟರ್ 2004ರಲ್ಲಿ ಮಾರುಕಟ್ಟೆಗೆ ಬಂತು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಆದರೂ ಯಂತ್ರ ಒಂದು, ಬಳಸುವವರು ಹಲವರು ಎಂಬ ಅದರ ಲೆಕ್ಕ ನಮ್ಮ ಹಳ್ಳಿಗಳ ಮಟ್ಟಿಗೆ ಇಂದಿಗೂ ನಿಜ.

ಸಿಗ್ನಲ್ ಇಲ್ಲದಲ್ಲಿ

ಸಿಮ್ ಹಾಕಿದ ಮಾತ್ರಕ್ಕೆ ಸಿಗ್ನಲ್ ಹುಟ್ಟುವುದಿಲ್ಲ. ಆನೆಗೊಂದಿ, ಸಣಾಪುರದ ಕಡೆ ಆನೆಗಾತ್ರದ ಗುಂಡುಗಲ್ಲುಗಳ ಬೆಟ್ಟ ಟವರಿಗೂ ಊರಿಗೂ ನಡುವೆ ಕುಳಿತಿದ್ದರೆ ಮೋಡೆಮ್ ಒಳಗಿದ್ದರೂ ಹೊರಗಿದ್ದರೂ ಒಂದೇ. ಕುಷ್ಟಗಿ, ಯಲಬುರ್ಗಾದ ಎರೆ ಬಯಲಿನಲ್ಲಿ ಅಲೆ ಸರಾಗ ಹರಿಯುತ್ತದೆ, ಆದರೆ ಟವರುಗಳು ದೂರ. 700, 850, 900 ಮೆಗಾಹರ್ಟ್ಜ್‌ನ ಅಲೆಗಳು ಹೆಚ್ಚು ದೂರ ಹೋಗುತ್ತವೆ. ಲ್ಯಾಪ್‌ಟಾಪಿನ ಮೋಡೆಮ್ ಅವುಗಳನ್ನು ಹಿಡಿಯುವಂಥದ್ದಾಗಿರಬೇಕು. ಅಮೆರಿಕದಿಂದಲೋ ದುಬೈಯಿಂದಲೋ ಮಗ ತಂದ ಸಿಮ್ ಲ್ಯಾಪ್‌ಟಾಪ್ ಇಲ್ಲಿ ಕುಂಟಿದರೆ ಆಶ್ಚರ್ಯವಿಲ್ಲ. ಆ ದೇಶದ ಅಲೆಗಳ ಪಟ್ಟಿಗೆ ಹೊಂದಿಸಿದ ಮೋಡೆಮ್ ಅದು.

ಗುಂಪು ಸೇರಿದಲ್ಲಿನ ಸಂಕಟ ಬೇರೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಾಂತರ ಜನ ಬಂದಾಗ ಸಿಗ್ನಲ್ ಕಡ್ಡಿಗಳು ತುಂಬಾ ಇದ್ದರೂ ಫೋಟೊ ಹೋಗುವುದಿಲ್ಲ. ಟವರಿನ ಪಾಲು ಹಂಚಿ ಹೋಗಿರುತ್ತದೆ. ಲ್ಯಾಪ್‌ಟಾಪಿಗೂ ಸಿಗುವುದು ಅದೇ ಚೂರು.

ದೊಡ್ಡ ಉತ್ತರ ನೆಲದಡಿಯ ಕೇಬಲ್ಲು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಒಪ್ಪಿದ್ದು 2011ರಲ್ಲಿ. ಅದೇ ಮುಂದೆ ಭಾರತ್‌ನೆಟ್ ಆಯಿತು, 2023ರಲ್ಲಿ ಅದಕ್ಕೆ 1.39 ಲಕ್ಷ ಕೋಟಿ ರೂಪಾಯಿಯ ಹೊಸ ರೂಪ ಸಿಕ್ಕಿತು. ಮನೆಗೆ ನಂಬಿಕೆಯ ವೈಫೈ ಇದ್ದವರಿಗೆ ಲ್ಯಾಪ್‌ಟಾಪಿನಲ್ಲಿ ಸಿಮ್ ಖಂಡಿತ ಬೇಡ. ಕರೆಂಟು ಹೋದಾಗ ರೂಟರ್ ಕಣ್ಣುಮುಚ್ಚುತ್ತದೆ, ಅಷ್ಟೇ ಕೊರತೆ.

ನಿಜಕ್ಕೂ ಬೇಕಾದವರು ಬಯಲಲ್ಲಿ ದುಡಿಯುವವರು. ಕುಕನೂರು, ಯಲಬುರ್ಗಾದ ಹೊಲಗಳ ನಡುವೆ ಎದ್ದಿರುವ ಗಾಳಿಯಂತ್ರಗಳ ಬುಡದಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುವ ತಂತ್ರಜ್ಞರು, ಬ್ಯಾಂಕಿನ ಸಾಲ ಪರಿಶೀಲನೆಗೆ ಹಳ್ಳಿ ಸುತ್ತುವವರು, ಸರ್ವೆಗೆ ಹೋಗುವವರು. ಥಿಂಕ್‌ಪ್ಯಾಡ್, ಎಲೀಟ್‌ಬುಕ್‌ನಂಥ ಕಂಪನಿ ಮಾದರಿಗಳಲ್ಲಿ ಸಿಮ್ ಉಳಿದುಕೊಂಡಿರುವುದೂ ಇಂಥವರಿಂದಲೇ.

ಕೊಳ್ಳುವ ಮುನ್ನ

ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ವಿವರಪಟ್ಟಿಯಲ್ಲಿ 'ಡಬ್ಲ್ಯೂವ್ಯಾನ್' (WWAN) ಎಂಬ ಪದ ಹುಡುಕಬೇಕು. ಮೋಡೆಮ್ ಇಲ್ಲದಿದ್ದರೂ 'ಡಬ್ಲ್ಯೂವ್ಯಾನ್ ರೆಡಿ' ಎಂದಿದ್ದರೆ ಆಂಟೆನಾ ತಂತಿ ಒಳಗೆ ಎಳೆದಿರುತ್ತಾರೆ, ಕಾರ್ಡು ಮುಂದೆ ಯಾವಾಗ ಬೇಕಾದರೂ ಹಾಕಿಸಬಹುದು. ತಂತಿಯೇ ಇಲ್ಲದಿದ್ದರೆ ಆ ಬಾಗಿಲು ಮುಚ್ಚಿದಂತೆ. ಕೆಲವು ಕಂಪನಿಗಳ ಯಂತ್ರಗಳು ತಾವು ಒಪ್ಪಿದ ಕಾರ್ಡನ್ನು ಬಿಟ್ಟು ಬೇರೆಯದನ್ನು ಸೇರಿಸುವುದೂ ಇಲ್ಲ; ಕೇಳಿಯೇ ಕೊಳ್ಳಿ.

ಇರುವ ಲ್ಯಾಪ್‌ಟಾಪಿನಲ್ಲೇ ದಿನ ದೂಡುವವರಿಗೆ ಮೂರು ಕಿವಿಮಾತು. ಹಾಟ್‌ಸ್ಪಾಟ್ ಬದಲು ಚಾರ್ಜರ್ ಕೇಬಲ್ಲಿನಿಂದಲೇ ಫೋನು ಜೋಡಿಸಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ಫೋನು ಚಾರ್ಜೂ ಆಗುತ್ತಿರುತ್ತದೆ. ವಿಂಡೋಸ್‌ನ ವೈಫೈ ಸೆಟ್ಟಿಂಗ್‌ನಲ್ಲಿ ನಿಮ್ಮ ಹಾಟ್‌ಸ್ಪಾಟ್ ಹೆಸರಿನ ಮೇಲೆ ಒತ್ತಿ 'ಮೀಟರ್ಡ್ ಕನೆಕ್ಷನ್' ಹಚ್ಚಿ; ದೊಡ್ಡ ಅಪ್‌ಡೇಟ್‌ಗಳು ಡೇಟಾ ನುಂಗುವುದು ಬಹುಮಟ್ಟಿಗೆ ನಿಲ್ಲುತ್ತದೆ. ಗಾಜು ಒಡೆದ ಹಳೆಯ 4ಜಿ ಫೋನು ಮನೆಯಲ್ಲಿದ್ದರೆ ಎಸೆಯಬೇಡಿ. ಒಂದು ಸಿಮ್ ಹಾಕಿ ಕಿಟಕಿಯಲ್ಲಿಟ್ಟರೆ ಮನೆಗೆಲ್ಲ ಅದೇ ರೂಟರ್.

ಸರ್ಕಾರ ಕೊಡುವ ಯಂತ್ರಗಳು

ತನ್ನ ದುಡ್ಡಿನಲ್ಲಿ ಕೊಳ್ಳುವವನು ಸಿಮ್ ಬೇಡವೆಂದರೆ ಅದು ಅವನ ಲೆಕ್ಕಾಚಾರ. ಆದರೆ ಸಾರ್ವಜನಿಕ ಹಣದಲ್ಲಿ ಸಾವಿರಗಟ್ಟಲೆ ಕೊಂಡು ಹಂಚುವ ಯಂತ್ರಗಳಿಗೆ ಅದೇ ಲೆಕ್ಕ ಸಲ್ಲದು. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಕೆಲಸ ನಿಲ್ಲಿಸಿ ಬೀದಿಗಿಳಿದಾಗ ಅವರ ದೂರು ಇದೇ ಆಗಿತ್ತು: ಒಂದರ ಮೇಲೊಂದು ಆ್ಯಪ್ ಕೊಡುತ್ತೀರಿ, ಅದಕ್ಕೆ ಬೇಕಾದ ಮೊಬೈಲು, ಲ್ಯಾಪ್‌ಟಾಪು, ಇಂಟರ್‌ನೆಟ್ಟು ಕೊಡುವುದಿಲ್ಲ. ಆಮೇಲೆ ಅವರಿಗೆ ಲ್ಯಾಪ್‌ಟಾಪ್ ಕೊಡಲು ಸರ್ಕಾರ ಮುಂದಾಯಿತು. 2025ರ ಸೆಪ್ಟೆಂಬರ್‌ನ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಶಿಕ್ಷಕರು ನೆಟ್‌ವರ್ಕ್ ಸಿಗದೆ, ಓಟಿಪಿ ಬಾರದೆ ಪರದಾಡಿದ್ದು ಇನ್ನೂ ಹಸಿಯಾಗಿದೆ. ಸರ್ಕಾರದ ಕೆಲಸ ನೌಕರನ ಸ್ವಂತ ರೀಚಾರ್ಜಿನ ಮೇಲೆ ನಡೆಯುವುದು ಒಪ್ಪುವ ಮಾತಲ್ಲ.

ಸಿಮ್ ಒಂದೇ ಇದ್ದರೆ ಸಾಲದು ಎಂಬುದಕ್ಕೂ ಉದಾಹರಣೆಯಿದೆ. 2023ರ ಆಗಸ್ಟ್‌ನಲ್ಲಿ ಜಿಯೋ ತನ್ನ ಹೊಸ ಜಿಯೋಬುಕ್ ಅನ್ನು 16,499 ರೂಪಾಯಿಗೆ ಮಾರಿತು. 990 ಗ್ರಾಂ ತೂಕ, ಒಳಗೇ 4ಜಿ. ಆದರೆ ಬರೀ 4 ಜಿಬಿ ರ‍್ಯಾಮ್, ಫೋನಿನ ಚಿಪ್ಪು, ವಿಂಡೋಸ್ ಅಲ್ಲದ ಸ್ವಂತ ವ್ಯವಸ್ಥೆ. ಟ್ಯಾಲಿ ಕಲಿಯಬೇಕಾದ ಬಿ.ಕಾಂ. ವಿದ್ಯಾರ್ಥಿಗೆ ಅದರಿಂದ ಆಗುವ ಉಪಯೋಗ ಅಷ್ಟಕ್ಕಷ್ಟೆ.

2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ಕರ್ನಾಟಕ ಸರ್ಕಾರದ್ದೇ ಆದ ಕಿಯೋನಿಕ್ಸ್ 'ಕಿಯೋ' ಎಂಬ ಪುಟ್ಟ ಕಂಪ್ಯೂಟರ್ ಬಿಡುಗಡೆ ಮಾಡಿತು. ಲ್ಯಾಪ್‌ಟಾಪ್ ಅಲ್ಲ, ಪರದೆಗೆ ಜೋಡಿಸುವ ಡಬ್ಬಿ. ಲಿನಕ್ಸ್ ಆಧಾರಿತ, ಬೆಲೆ 18,999 ರೂಪಾಯಿ. ಅದರ ವಿವರಪಟ್ಟಿಯಲ್ಲಿ ವೈಫೈ ಪಕ್ಕದಲ್ಲೇ 4ಜಿ ಕೂಡ ಇದೆ. ಅಂದರೆ ಮೋಡೆಮ್ ಹಾಕಿಯೂ ಇಪ್ಪತ್ತು ಸಾವಿರದೊಳಗೆ ಯಂತ್ರ ಕೊಡಬಹುದೆಂದು ರಾಜ್ಯದ ಸಂಸ್ಥೆಯೇ ತೋರಿಸಿದೆ. ವಿದ್ಯಾರ್ಥಿಗಳಿಗೂ ಕ್ಷೇತ್ರ ಸಿಬ್ಬಂದಿಗೂ ಮುಂದಿನ ಲ್ಯಾಪ್‌ಟಾಪ್ ಟೆಂಡರ್ ಬರೆಯುವ ಅಧಿಕಾರಿಗಳು ರ‍್ಯಾಮ್, ಸ್ಟೋರೇಜ್‌ನ ಸಾಲಿನ ಕೆಳಗೆ ಇನ್ನೆರಡು ಸಾಲು ಸೇರಿಸಲಿ: ಆಂಟೆನಾ ಸಮೇತ 4ಜಿ ಮೋಡೆಮ್, ಮತ್ತು ಕನಿಷ್ಠ ಒಂದು ವರ್ಷದ ಡೇಟಾ ಪ್ಯಾಕ್.